ತೇಕೇ (ಕೃಷಿ ಪದ್ಧತಿ)

ತೇಕೇ ಎಂಬುದು ಜಪಾನಿನ ಸಾವಯವ ಕೃಷಿಕರು ಹಾಗೂ ಬಳಕೆದಾರರ ನಡುವೆ ಮಧ್ಯವರ್ತಿಗಳಿಲ್ಲದೆ ನಡೆಯುವ ನೇರ ಒಪ್ಪಂದದ ಪದ್ಧತಿ. ಈ ಪದಕ್ಕೆ ಜಪಾನಿ ಭಾಷೆಯಲ್ಲಿ ಸಹಯೋಗ ಎಂದರ್ಥ. ಸಮುದಾಯ ಬೆಂಬಲಿತ ಕೃಷಿಯ ಆರಂಭಿಕ ರೂಪಗಳಲ್ಲಿ ಇದೂ ಒಂದು.

1971ರಲ್ಲಿ ಸ್ಥಾಪನೆಯಾದ ಜಪಾನ್ ಸಾವಯವ ಕೃಷಿ ಸಂಘವು 1978ರಲ್ಲಿ ತೇಕೇಯ ಹತ್ತು ತತ್ತ್ವಗಳನ್ನು ಪ್ರಕಟಿಸಿತು. ಮೊದಲೇ ಒಪ್ಪಿದ ಯೋಜನೆಯಂತೆ ಬೆಳೆದ ಫಸಲನ್ನೆಲ್ಲ ಬಳಕೆದಾರರು ಸ್ವೀಕರಿಸಬೇಕೆಂಬುದು ಅವುಗಳಲ್ಲೊಂದು. ಆದ್ದರಿಂದ ಸದಸ್ಯರ ನಿಷ್ಠೆಯೇ ಈ ಪದ್ಧತಿಗೆ ಆಧಾರ. ಮೂಲಂಗಿ ಹೆಚ್ಚಾಗಿ ಬಂದ ವಾರ ಮನೆಯ ಅಡುಗೆಯೂ ಮೂಲಂಗಿಯದೇ ಆಗಬೇಕು. ಬೆಲೆಯನ್ನು ಉಭಯ ಪಕ್ಷಗಳು ಸಮಾಲೋಚಿಸಿ ನಿಗದಿಪಡಿಸುತ್ತವೆ. ತರಕಾರಿಯನ್ನು ವಿಂಗಡಿಸಿ ಹಂಚುವುದು, ಹೊಲದ ಕೆಲಸಕ್ಕೆ ನೆರವಾಗುವುದು ಮೊದಲಾದ ಶ್ರಮವನ್ನು ಬಹುಪಾಲು ಗೃಹಿಣಿಯರೇ ಹೊತ್ತಿದ್ದರು. ಮಹಿಳೆಯರು ಉದ್ಯೋಗಕ್ಕೆ ಹೋಗತೊಡಗಿದಂತೆ, ಸಾವಯವ ಪದಾರ್ಥಗಳು ಅಂಗಡಿಗಳಲ್ಲೂ ಮನೆಬಾಗಿಲಲ್ಲೂ ಸಿಗತೊಡಗಿದಂತೆ, ಅನೇಕ ಗುಂಪುಗಳು ಕ್ಷೀಣಿಸಿದವು. ಇದಕ್ಕಾಗಿ ಸದಸ್ಯರನ್ನು ದೂರುವಂತಿಲ್ಲ.

2011ರ ಫುಕುಶಿಮಾ ಅಣುಸ್ಥಾವರ ದುರಂತವು ಈ ಸಂಬಂಧಕ್ಕೆ ಕಠಿಣ ಪರೀಕ್ಷೆಯಾಯಿತು. ವಿಕಿರಣದ ಭೀತಿಯಿಂದ, ವಿಶೇಷವಾಗಿ ಚಿಕ್ಕ ಮಕ್ಕಳಿದ್ದ ಮನೆಗಳವರು, ಬಹುಕಾಲದಿಂದ ಪರಿಚಿತರಾಗಿದ್ದ ಆ ಪ್ರದೇಶದ ಸಾವಯವ ಕೃಷಿಕರಿಂದಲೂ ಕೊಳ್ಳುವುದನ್ನು ನಿಲ್ಲಿಸಿದರು. ನಿಹೊನ್‌ಮತ್ಸು ನಗರದ ತೋವಾ ಪ್ರದೇಶದ ರೈತರು ಸಂಶೋಧಕರ ನೆರವು ಪಡೆದು ಮಣ್ಣು ಮತ್ತು ಬೆಳೆಗಳಲ್ಲಿನ ವಿಕಿರಣವನ್ನು ತಾವೇ ಅಳೆಯತೊಡಗಿದರು.