ಕೋರಿಕೆ ನಿಲುಗಡೆ

ಡಬ್ಲಿನ್‌ನಿಂದ ಮಗಳು ಕಳಿಸಿದ ಪಟ್ಟಿಯಲ್ಲಿ ಎಂಟು ಊರುಗಳಿದ್ದವು: ಗಾಲ್ವೆ, ಕಿಲಾರ್ನಿ, ಲಿಮರಿಕ್, ಕಾರ್ಕ್, ಕಿಲ್ಕೆನಿ, ವಾಟರ್‌ಫರ್ಡ್, ಸ್ಲೈಗೊ, ಬೆಲ್‌ಫಾಸ್ಟ್. ತಿರುಗಾಡಲು ಇದ್ದದ್ದು ಐದು ದಿನ. "ಅಪ್ಪಾ, ಇವರಿಗೆ ರಜಾ ಅಷ್ಟ ಸಿಕ್ಕೈತಿ. ಎಲ್ಲಾ ಆಗೂದಿಲ್ಲ, ಯಾವ್ಯಾವ ಊರು ಬೇಕು ನೀನ ಆರಿಸು" ಅಂದಳು. ಮೇಲೆ ಎರಡು ಷರತ್ತು. ಅವಳ ಅವ್ವನಿಗೆ ಸಮುದ್ರ ಬೇಕು, ಮೊಮ್ಮಗನಿಗೆ ಕೋಟೆ ಬೇಕು.

ನಾನು ಮೂವತ್ತೊಂದು ವರ್ಷ ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವ. ಎಲ್ಲಿ ಇಳಿಯಬೇಕೆಂದು ಮಂದಿ ಹೇಳುತ್ತಿದ್ದರು, ನಾನು ಟಿಕೆಟ್ ಹರಿದು ಕೊಡುತ್ತಿದ್ದೆ. ರಾತ್ರಿ ಡಿಪೋದಲ್ಲಿ ವೇಬಿಲ್ ಒಪ್ಪಿಸುವಾಗ ಪ್ರತಿ ಊರೂ ಒಂದು ಲೆಕ್ಕವಾಗಿರುತ್ತಿತ್ತು: ಎಷ್ಟು ಮಂದಿ ಹತ್ತಿದರು, ಎಷ್ಟು ಮಂದಿ ಇಳಿದರು. ಬಹಳ ಮಂದಿ ಇಳಿದರೆ ದೊಡ್ಡ ಊರು, ಯಾರೂ ಇಳಿಯದಿದ್ದರೆ ಕೋರಿಕೆ ನಿಲುಗಡೆ. ಈ ಅಳತೆ ಎಷ್ಟು ಸುಳ್ಳು ಅನ್ನುವುದು ನನಗೆ ತಿಳಿದದ್ದೂ ಬಸ್ಸಿನಲ್ಲೇ.

ನನ್ನ ಮನೆ ಜೋರಾಪುರ ಪೇಟೆಯಲ್ಲಿ. ವಿಜಯಪುರಕ್ಕೆ ಒಂದು ದಿನದ ಮಟ್ಟಿಗೆ ಬಂದವರು ಇಲ್ಲಿ ಇಳಿಯುವುದಿಲ್ಲ. ಗೋಳಗುಮ್ಮಟ ಹತ್ತುತ್ತಾರೆ, ಪಿಸುಮಾತು ಆಚೆ ಬದಿಗೆ ಕೇಳಿಸುತ್ತದೋ ಇಲ್ಲವೋ ಅಂತ ಚೀರಿ ಚೀರಿ ನೋಡುತ್ತಾರೆ. ಮಲಿಕ್-ಎ-ಮೈದಾನ್ ತೋಪಿನ ಮುಂದೆ ಒಂದು ಫೋಟೊ, ಇಬ್ರಾಹಿಂ ರೋಜಾದಲ್ಲಿ ಅರ್ಧ ತಾಸು, ಮುಂದೆ ಬಾದಾಮಿಯ ದಾರಿ. ಹಳೆಯ ಬರಹಗಳಲ್ಲಿ ನಮ್ಮ ಪೇಟೆಯ ಹೆಸರು ಜೊಹರಾಪುರ. ಅದೇ ರೋಜಾದೊಳಗಿನ ಆರು ಗೋರಿಗಳಲ್ಲಿ ಒಂದು ಎರಡನೇ ಇಬ್ರಾಹಿಂ ಆದಿಲ್‌ಶಾಹನ ಮಗಳು ಜೊಹರಾ ಸುಲ್ತಾನಾಳದು. ನಮ್ಮ ಓಣಿಯ ಹಿರಿಯರು ಪೇಟೆಯ ಹೆಸರನ್ನು ಅವಳಿಗೇ ಗಂಟು ಹಾಕುತ್ತಿದ್ದರು. ಬಂದವರು ಅವಳ ಗೋರಿ ನೋಡುತ್ತಾರೆ, ಅವಳ ಪೇಟೆ ನೋಡುವುದಿಲ್ಲ.

ಆದಿಲ್‌ಶಾಹಿ ರಾಜಧಾನಿ ಅಂದರೆ ಹತ್ತು ಕಿಲೋಮೀಟರ್ ಸುತ್ತಳತೆಯ ಗೋಡೆಯೊಂದೇ ಆಗಿರಲಿಲ್ಲ. ಶಹಾಪುರ, ಜೊಹರಾಪುರ, ಅಲ್ಲಾಪುರ, ಇಬ್ರಾಹಿಂಪುರ ಅಂತ ಸುತ್ತಲೂ ಪುರಗಳು. ಗೋಡೆಯೊಳಗೆ ದರಬಾರು, ಈ ಪುರಗಳಲ್ಲಿ ಬಾಳುವೆ. ಅಷ್ಟು ಸಾಲದೆಂದು ಇದೇ ಇಬ್ರಾಹಿಂ 1599ರಲ್ಲಿ ತೊರವಿಯ ಮಗ್ಗುಲಿಗೆ ನವರಸಪುರವೆಂಬ ಹೊಸ ಪಟ್ಟಣಕ್ಕೇ ಕೈ ಹಾಕಿದ. 1624ರಲ್ಲಿ ಮಲಿಕ್ ಅಂಬರ್‌ನ ದಂಡು ಅದನ್ನು ಹಾಳುಗೆಡವಿತು. 1686ರಲ್ಲಿ ಔರಂಗಜೇಬ ರಾಜಧಾನಿಯನ್ನೇ ಗೆದ್ದುಕೊಂಡ. ದರಬಾರು ಹೋದ ಮೇಲೆ ಪೇಟೆಗೆ ಗಿರಾಕಿ ಎಲ್ಲಿಂದ ಬರಬೇಕು? ಮುಂದಿನ ಇನ್ನೂರು ವರ್ಷ ಊರು ತನ್ನ ಗೋಡೆಯೊಳಗೇ ಸೊರಗಿ ಕುಳಿತಿತ್ತು.

ಅದನ್ನು ಮತ್ತೆ ಎಬ್ಬಿಸಿದ್ದು ಒಂದು ಬರಗಾಲ. 1876ರಿಂದ 78ರ ತನಕ ಮಳೆ ಕೈಕೊಟ್ಟಾಗ ಡೋಣಿ ಸಾಲಿನ ಎರೆಹೊಲ ಕೂಡ ಜೋಳ ಕೊಡಲಿಲ್ಲ. ಆಗ ಇದು ಕಲಾದಗಿ ಜಿಲ್ಲೆ. 1872ರಲ್ಲಿ ಎಂಟು ಲಕ್ಷ ದಾಟಿದ್ದ ಜನಸಂಖ್ಯೆ 1881ರ ಎಣಿಕೆಗೆ ಆರೂವರೆ ಲಕ್ಷದ ಕೆಳಗೆ ಇಳಿದಿತ್ತು. ಕೆಲವರು ಸತ್ತರು, ಕೆಲವರು ಗುಳೆ ಹೋದರು. ಬೇರೆ ಕಡೆ ಇದ್ದ ಕಾಳನ್ನು ಎತ್ತಿನ ಬಂಡಿ ಹೊತ್ತು ತರುವಷ್ಟರಲ್ಲಿ ಉಣ್ಣುವವರೇ ಇರುತ್ತಿರಲಿಲ್ಲ, ಯಾಕೆಂದರೆ ಎಳೆಯುವ ಎತ್ತಿಗೂ ಮೇವಿರಲಿಲ್ಲ. ಇನ್ನೊಂದು ಬರಕ್ಕೆ ಹೀಗಾಗಬಾರದೆಂದು ಹೋಟಗಿಯಿಂದ ಗದಗಿಗೆ ಮೀಟರ್ ಗೇಜ್ ಹಳಿ ಹಾಕಿದರು. 1884ರಲ್ಲಿ ರೈಲು ನಮ್ಮೂರಿಗೆ ಬಂತು, ಮರುವರ್ಷ ಜಿಲ್ಲೆಯ ಕಚೇರಿಗಳು ಕಲಾದಗಿಯಿಂದ ಇಲ್ಲಿಗೆ ಬಂದು ಪಾಳುಬಿದ್ದ ಮಹಲುಗಳಲ್ಲೇ ಬಿಡಾರ ಹೂಡಿದವು.

ಸ್ಟೇಶನ್ ಕಟ್ಟಿದ್ದು ಊರಿನ ಮೂಡಣಕ್ಕೆ. ಡಬ್ಬಿಯಿಂದ ಕಾಲು ಕೆಳಗಿಟ್ಟವನಿಗೆ ಮೊದಲು ಕಾಣುವುದು ಗೋಳಗುಮ್ಮಟ. ಕಾಳು ತರಲೆಂದು ಹಾಕಿದ ಹಳಿಯ ಮೇಲೆ ಪ್ರವಾಸಿಗರೂ ಬರತೊಡಗಿದರು. ಐದೇ ವರ್ಷದಲ್ಲಿ, 1889ಕ್ಕೆ, ಹೆನ್ರಿ ಕಸಿನ್ಸ್ ಎಂಬವ ಈ ಪ್ರವಾಸಿಗರಿಗಾಗಿ ಒಂದು ಕೈಪಿಡಿ ಬರೆದ. ಅಲ್ಲಿಂದ ಊರಿನ ಮುಖ ಮೂಡಣಕ್ಕೆ ತಿರುಗಿತು. ಪಡುವಣದ ನಾವು ಬೆನ್ನಿನ ಕಡೆಯವರಾದೆವು. ಯಾವ ಊರು ನೋಡತಕ್ಕದ್ದು ಅನ್ನುವುದನ್ನು ಎಷ್ಟೋ ಸಲ ಇತಿಹಾಸ ತೀರ್ಮಾನಿಸುವುದಿಲ್ಲ, ಸ್ಟೇಶನ್ ತೀರ್ಮಾನಿಸುತ್ತದೆ.

ಇದೆಲ್ಲ ನನಗೆ ಗೊತ್ತಾದದ್ದು ಒಂದು ತಪ್ಪಿನಿಂದ. ತೊಂಬತ್ತರ ದಶಕ. ತಾಳಿಕೋಟಿ, ಹುಣಸಗಿ ಮೇಲೆ ಸುರಪುರಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಡ್ಯೂಟಿ. ಬೆನ್ನಿಗೆ ಚೀಲ ಏರಿಸಿದ ಒಬ್ಬ ಬಿಳಿಯ ಮನುಷ್ಯ ಹತ್ತಿ "ರಾಜನಕೋಳೂರು, ಕಲ್ಲು, ಕಲ್ಲು" ಅಂದ. ನಮ್ಮ ಕಡೆ ಕಲ್ಲಿಗೇನು ಬರ? ಏನೋ ಹುಚ್ಚು ಅಂದುಕೊಂಡು ಸುರಪುರಕ್ಕೆ ಟಿಕೆಟ್ ಕೊಟ್ಟೆ. ಇಳಿಯಬೇಕಾದಲ್ಲಿ ಇಳಿಸಲಿಲ್ಲ. ಸುರಪುರದ ಸ್ಟ್ಯಾಂಡಿನಲ್ಲಿ ಅವನು ಬೈಯಲಿಲ್ಲ, ಒಂದು ಪುಸ್ತಕ ತೆಗೆದು ಚಿತ್ರ ತೋರಿಸಿದ. ಮೂರು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಕಲ್ಮನೆಗಳು. ಪಕ್ಕದಲ್ಲಿದ್ದ ಹಣ್ಣು ಮಾರುವ ಮುದುಕಿ ಬಗ್ಗಿ ನೋಡಿ, "ಅಯ್ಯ, ಮೋರೇರ ಮನಿ ಇದು. ಮೊದಲ ಗೇಣುದ್ದ ಮಂದಿ ಇದ್ರಂತ, ಅವರವು" ಅಂದಳು. ಮುದುಕಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಚಿತ್ರದ ಕೆಳಗಿದ್ದ ಹೆಸರನ್ನು ಟಿಕೆಟ್ಟಿನ ಹಿಂದೆ ಬರೆದುಕೊಂಡೆ: ಮೆಡೋಸ್ ಟೇಲರ್.

ಆ ಹೆಸರಿನ ಹಿಂದೆ ನಾನು ಬಿದ್ದು ಇಪ್ಪತ್ತೈದು ವರ್ಷದ ಮೇಲಾಯಿತು. ಡಿಕ್ಷನರಿ ಮಗ್ಗುಲಿಗಿಟ್ಟುಕೊಂಡು, ನೈಟ್ ಹಾಲ್ಟ್ ಆದ ಹಳ್ಳಿಗಳಲ್ಲಿ ಬಸ್ಸಿನ ದೀಪದ ಕೆಳಗೆ ಕೂತು ಅವನ ಆತ್ಮಕಥೆ ಓದಿದ್ದೇನೆ. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದವ. ಹುಡುಗನಿದ್ದಾಗಲೇ ಹಿಂದುಸ್ತಾನಕ್ಕೆ ಬಂದು ನಿಜಾಮನ ದಂಡು ಸೇರಿದ. 1841ರಿಂದ 1853ರ ತನಕ, ಎಳೆಯ ರಾಜ ವೆಂಕಟಪ್ಪ ನಾಯಕ ದೊಡ್ಡವನಾಗುವವರೆಗೆ, ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ. ಅವನಿದ್ದ ಟೇಲರ್ ಮಂಜಿಲ್ ಸುರಪುರದ ಗುಡ್ಡದ ಮೇಲೆ ಈಗಲೂ ಇದೆ. ಜನ ಅವನನ್ನು ಮಹಾದೇವ ಬಾಬಾ ಅನ್ನುತ್ತಿದ್ದರು. ಅವನು ಬೆಳೆಸಿದ ವೆಂಕಟಪ್ಪ ನಾಯಕನೇ ಮುಂದೆ ಬ್ರಿಟಿಷರ ಮೇಲೆ ಎದ್ದು 1858ರಲ್ಲಿ ತೀರಿಕೊಂಡ.

ರಾಜನಕೋಳೂರಿನ ಕಲ್ಮನೆಗಳನ್ನು, ವಿಭೂತಿಹಳ್ಳಿಯ ಕಲ್ಲುಸಾಲುಗಳನ್ನು ಅಳೆದು ಬರೆದವನು ಟೇಲರ್. ಜೇವರ್ಗಿಯ ಕಲ್ಗುಪ್ಪೆಗಳನ್ನು ಅಗೆಸಿ ನೋಡಿದವನೂ ಅವನೇ. 1860ರಲ್ಲಿ ಅವನು ಹಿಂದುಸ್ತಾನ ಬಿಟ್ಟ. ಆಮೇಲೆ ನೆಲೆಸಿದ್ದು ಡಬ್ಲಿನ್ನಿನ ಹೆರಾಲ್ಡ್ಸ್ ಕ್ರಾಸ್‌ನಲ್ಲಿ. ಅಲ್ಲಿಯ ರಾಯಲ್ ಐರಿಷ್ ಅಕಾಡೆಮಿಯ ಮುಂದೆ ಈ ಕಲ್ಲುಗಳ ಮೇಲೆ ಪ್ರಬಂಧ ಓದಿ, ನಿಮ್ಮ ಹೊಲಗಳಲ್ಲಿ ನಿಂತ ಕಲ್ಲುಗಳೂ ದಖನ್ನಿನ ಕಲ್ಲುಗಳೂ ಒಂದೇ ಕುಲದವರು ನಿಲ್ಲಿಸಿದಂಥವು ಎಂದು ವಾದಿಸಿದ. ಅದು ತಪ್ಪು. ಐರ್ಲೆಂಡಿನವುಗಳಲ್ಲಿ ಹಲವು ಐದು ಸಾವಿರ ವರ್ಷಕ್ಕೂ ಹಿಂದಿನವು, ನಮ್ಮವು ಬಹುಮಟ್ಟಿಗೆ ಕಬ್ಬಿಣ ಬಂದ ಮೇಲಿನವು. ಸತ್ತವರ ಮೇಲೆ ಭಾರ ಹೇರಿ ನೆನಪಿಡುವುದನ್ನು ಎರಡು ಕಡೆಯವರೂ ತಮ್ಮಷ್ಟಕ್ಕೆ ತಾವೇ ಕಲಿತಿದ್ದರು, ಅಷ್ಟೆ.

ನಮ್ಮೂರನ್ನೂ ಅವನು ಬಿಡಲಿಲ್ಲ. 1863ರಲ್ಲಿ ಬಂದ ಅವನ 'ತಾರಾ' ಕಾದಂಬರಿಯಲ್ಲಿ ಆದಿಲ್‌ಶಾಹಿ ಬಿಜಾಪುರವಿದೆ, ಅಫಜಲಖಾನನಿದ್ದಾನೆ. 1866ರಲ್ಲಿ ಬಿಜಾಪುರದ ಕಟ್ಟಡಗಳ ಮೇಲೆ ದೊಡ್ಡದೊಂದು ಚಿತ್ರಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ಚಿತ್ರಗಳು ಹಾರ್ಟ್ ಎಂಬ ಎಂಜಿನಿಯರನವು, ಜೊತೆಗೆ ಹೆಸರೂ ಉಳಿಯದ ನಮ್ಮವರೇ ಆದ ನಕ್ಷೆಗಾರರವು. ಕಟ್ಟಡದ ವಿಚಾರ ಬರೆದವನು ಫರ್ಗ್ಯುಸನ್, ಇತಿಹಾಸ ಬರೆದವನು ಟೇಲರ್. ಡಬ್ಲಿನ್ನಿಗೆ ಹೋಗಿ ನೆಲೆಸಿದ ಮೇಲೂ ಅವನ ಮನಸ್ಸು ಇಲ್ಲಿಯ ಗುಮ್ಮಟಗಳನ್ನೇ ಎಣಿಸುತ್ತಿತ್ತು. ಈಗ ಅದೇ ಊರಿನಿಂದ ನನ್ನ ಮಗಳು ಫೋನ್ ಮಾಡಿ ಯಾವ ಊರು ಬೇಕು ಅನ್ನುತ್ತಾಳೆ.

ಹಾಗಾಗಿ ನಾನು ಪಟ್ಟಿಯನ್ನು ಪಕ್ಕಕ್ಕಿಟ್ಟು ರೈಲು ನಕ್ಷೆ ಹರವಿಕೊಂಡೆ. ಮೊದಲ ದಿನ ಡಬ್ಲಿನ್ನೇ. ಹೆರಾಲ್ಡ್ಸ್ ಕ್ರಾಸ್‌ನಲ್ಲಿ ಒಂದು ಅಡ್ಡಾಟ, ಆಮೇಲೆ ಡಾಸನ್ ಸ್ಟ್ರೀಟಿನ ಅಕಾಡೆಮಿ. ರಾಜನಕೋಳೂರಿನ ಹೆಸರನ್ನು ಒಬ್ಬ ಮನುಷ್ಯ ಗಟ್ಟಿಯಾಗಿ ಉಚ್ಚರಿಸಿದ ಸಭೆ ಅದು. ಕಂಡಕ್ಟರನಾಗಿ ನಾನು ಕೂಗದೆ ಬಿಟ್ಟ ಹೆಸರು.

ಆಮೇಲೆ ಕಿಲ್ಕೆನಿ. ಮೊಮ್ಮಗನ ಕೋಟೆ ನೋರ್ ನದಿಯ ದಂಡೆಗೆ ನಿಂತಿದೆ. ನನಗೆ ಬೇಕಾದದ್ದು ಊರಿನ ಚರಿತ್ರೆ. 1642ರಿಂದ ಏಳು ವರ್ಷ ಅದು ಐರ್ಲೆಂಡಿನ ಕ್ಯಾಥೊಲಿಕ್ ಒಕ್ಕೂಟದ ರಾಜಧಾನಿ. ಆಗ ಇಲ್ಲಿ ಮೊಹಮ್ಮದ್ ಆದಿಲ್‌ಶಾಹ ಗದ್ದುಗೆಯ ಮೇಲಿದ್ದ. 1650ರಲ್ಲಿ ಇಂಗ್ಲೆಂಡಿನ ಕ್ರಾಂವೆಲ್ ಮುತ್ತಿಗೆ ಹಾಕಿ ಕಿಲ್ಕೆನಿಯನ್ನು ಗೆದ್ದ, ಮೂವತ್ತಾರು ವರ್ಷದ ಮೇಲೆ ನಮ್ಮ ಸರದಿ ಬಂತು. ರಾಜಧಾನಿಯ ಪಟ್ಟ ಕಳಕೊಂಡ ಊರು ಆಮೇಲೆ ಹೇಗೆ ಸಂಸಾರ ನಡೆಸುತ್ತದೆ ಅನ್ನುವುದನ್ನು ಇನ್ನೊಂದು ಕಡೆ ನೋಡುವ ಆಸೆ ನನಗೆ.

ಕಾರ್ಕ್‌ನಲ್ಲಿ ಉಳಿದುಕೊಂಡು ಅಲ್ಲಿಂದ ಸಣ್ಣ ರೈಲು ಹಿಡಿದು ಕೋವ್ ಬಂದರಿಗೆ. ಹೆಂಡತಿಯ ಸಮುದ್ರ ಅಲ್ಲಿದೆ. 1845ರಿಂದ ಬಟಾಟೆಗೆ ರೋಗ ಬಿದ್ದು ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಮತ್ತಷ್ಟು ಜನ ಹಡಗು ಹತ್ತಿದರು. ನೂರು ವರ್ಷದಲ್ಲಿ ಇದೊಂದೇ ಬಂದರಿನಿಂದ ದೇಶ ಬಿಟ್ಟವರು ಸುಮಾರು 25 ಲಕ್ಷ. ನನ್ನ ಭಾಷೆಯಲ್ಲಿ ಹೇಳುವುದಾದರೆ ಕೋವ್ ಅಂದರೆ ಗುಳೆ ಹೋಗುವವರ ಬಸ್ ಸ್ಟ್ಯಾಂಡು. ತಾಂಡಾಗಳಿಂದ ಗಂಟುಮೂಟೆ, ಕೂಸು, ಕೋಳಿ ಸಮೇತ ದುಡಿಯಲು ಹೊರಟವರಿಗೆ ನಾನೂ ಎಷ್ಟೋ ಟಿಕೆಟ್ ಹರಿದಿದ್ದೇನೆ. ಮರಳಿ ಬರುವ ಟಿಕೆಟ್ಟಿನ ಮಾತು ಅವರು ಆಡುತ್ತಿರಲಿಲ್ಲ. ಇನ್ನೊಂದು ನೆಂಟಸ್ತಿಕೆ: 1849ರಲ್ಲಿ ವಿಕ್ಟೋರಿಯಾ ರಾಣಿ ಬಂದಳೆಂದು ಆ ಊರಿಗೆ ಕ್ವೀನ್ಸ್‌ಟೌನ್ ಅಂತ ಹೆಸರಿಟ್ಟರು, 1920ರ ದಶಕದ ಹೊತ್ತಿಗೆ ಅದನ್ನು ಕಿತ್ತು ಹಳೆಯದನ್ನೇ ಹಾಕಿಕೊಂಡರು. ನಾವು 2014ರಲ್ಲಿ ಬಿಜಾಪುರದ ಬೋರ್ಡ್ ಒರೆಸಿ ವಿಜಯಪುರ ಬರೆದೆವು.

ಉಳಿದದ್ದು ಒಂದು ಅರ್ಧ ದಿನ. ಮಗಳು ಅದನ್ನು ಗಾಲ್ವೆಗೆ ಕೊಡೋಣ ಅಂದಳು. ಗಾಲ್ವೆ ಚೆಂದದ ಊರಂತೆ, ಎಲ್ಲರೂ ಹೋಗುತ್ತಾರಂತೆ. ನಾನು ಕಾರ್ಲೊ ಅಂದೆ. ಡಬ್ಲಿನ್ನಿನಿಂದ ಕಿಲ್ಕೆನಿಗೆ ಹೋಗುವ ರೈಲು ಅಲ್ಲಿ ನಿಲ್ಲುತ್ತದೆ. ಊರಾಚೆ ಸುಮಾರು ಮೂರು ಕಿಲೋಮೀಟರ್ ಮೇಲೆ, ಹೊಲದ ನಡುವೆ, ಬ್ರೌನ್ಸ್‌ಹಿಲ್ ಎಂಬಲ್ಲಿ ಒಂದು ಕಲ್ಮನೆ ಇದೆ. ಅದರ ಹೊದಿಕೆಯ ಬಂಡೆಯೊಂದೇ ನೂರು ಟನ್ನಿಗೂ ಹೆಚ್ಚು ತೂಗುತ್ತದೆಂದು ಅಂದಾಜು. ಆ ಬಿಳಿಯ ಮನುಷ್ಯನನ್ನು ನಾನು ಇಳಿಸದೆ ಹೋದ ನಿಲುಗಡೆಗೆ ಇಷ್ಟು ವರ್ಷದ ಮೇಲೆ ನಾನೇ ಹೋಗಿ ಇಳಿಯಬೇಕೆಂದರೆ ಇದೊಂದು ದಾರಿ.

ಮಗಳು ಫೋನಿನಲ್ಲಿ ನಕ್ಕಳು. "ಅಪ್ಪಾ, ಕಾರ್ಲೊದಾಗ ಟೂರಿಸ್ಟ್ ಮಂದಿ ಯಾರೂ ಇಳಿಯೂದಿಲ್ಲ."

"ನಾವು ಎಷ್ಟು ಮಂದಿ ಆಗ್ತೀವಿ?"

"ಐದು."

"ಹಂಗಾದ್ರ ಕಾರ್ಲೊಕ್ಕ ಐದು ಟಿಕೆಟ್ ತೊಗೊ" ಅಂದೆ.