ಕೆಲಸದ ಪಟ್ಟಿ ಮತ್ತು ದಾದಿಯ ಕಳವಳ

ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ದಾದಿಯರ ದಣಿವಿನ ಚರಿತ್ರೆಯನ್ನು ಅವರ ತರಬೇತಿಯ ಚರಿತ್ರೆಯಿಂದ ಬೇರ್ಪಡಿಸಿ ನೋಡಲು ಬರುವುದಿಲ್ಲ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲರ ಹೆಸರಿನ ಶಾಲೆ ಆರಂಭವಾದ ಮೇಲೆ ಬೇರೂರಿದ ಪದ್ಧತಿಯಲ್ಲಿ, ಕಲಿಯಲು ಬಂದ ಯುವತಿ ಆಸ್ಪತ್ರೆಯ ವಸತಿಗೃಹದಲ್ಲೇ ಉಳಿದು, ಮೇಟ್ರನ್ ಎಂಬ ಮುಖ್ಯ ಮೇಲ್ವಿಚಾರಕಿಯ ಶಿಸ್ತಿಗೆ ಒಳಪಟ್ಟು, ವಾರ್ಡಿನಲ್ಲಿ ದುಡಿಯುತ್ತಲೇ ವಿದ್ಯೆ ಪಡೆಯುತ್ತಿದ್ದಳು. ಆಸ್ಪತ್ರೆಗೆ ಇದರಿಂದ ಅಗ್ಗದ ಕೈಗಳು ದೊರೆತವು. ಕಲಿಯುವವಳಿಗೆ ಊಟ, ವಸತಿ ಹಾಗೂ ಗೌರವದ ವೃತ್ತಿಯೊಂದು ದೊರೆಯಿತು. ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತಿದ್ದ ಈ ಕೊಡುಕೊಳ್ಳುವಿಕೆಯಲ್ಲಿ ವಿದ್ಯಾರ್ಥಿನಿ ಯಾರು, ನೌಕರಳು ಯಾರು ಎಂಬುದು ಮಾತ್ರ ಎಂದೂ ಇತ್ಯರ್ಥವಾಗಲಿಲ್ಲ.

ಸುಮಾರು ಒಂದು ಶತಮಾನದ ಬಳಿಕ ಆ ಗೊಂದಲ ಲಂಡನ್ನಿನ ಒಂದು ಬೋಧನಾ ಆಸ್ಪತ್ರೆಯಲ್ಲಿ, ಅಂದರೆ ಚಿಕಿತ್ಸೆಯೊಂದಿಗೆ ವೈದ್ಯಕೀಯ ಶಿಕ್ಷಣವನ್ನೂ ನಡೆಸುವ ಆಸ್ಪತ್ರೆಯಲ್ಲಿ, ಬಿಕ್ಕಟ್ಟಾಗಿ ತಲೆದೋರಿತು. ಅಲ್ಲಿದ್ದ ಸುಮಾರು 700 ದಾದಿಯರಲ್ಲಿ ಪೂರ್ಣ ತರಬೇತಿ ಪಡೆದವರು 150ರಷ್ಟು ಮಾತ್ರ. ಅವರೆಲ್ಲ ಆಡಳಿತ, ಬೋಧನೆ, ಮೇಲ್ವಿಚಾರಣೆಗಳಲ್ಲಿ ತೊಡಗಿದ್ದುದರಿಂದ ರೋಗಿಯ ಹಾಸಿಗೆಯ ಬಳಿ ನಿಲ್ಲುವ ಕೆಲಸವೆಲ್ಲ ವಿದ್ಯಾರ್ಥಿನಿಯರ ಪಾಲಿಗೆ ಬಂದಿತ್ತು. ಯಾವ ವಾರ್ಡಿಗೆ ಯಾರನ್ನು ಕಳುಹಿಸಬೇಕೆಂಬ ವ್ಯವಸ್ಥೆಯೇ ಕುಸಿದುಬೀಳುವ ಭಯ ಹಿರಿಯರನ್ನು ಕಾಡತೊಡಗಿದಾಗ ಆಸ್ಪತ್ರೆ, ಮಾನವ ಸಂಬಂಧಗಳನ್ನು ಅಧ್ಯಯನ ಮಾಡುವ ಟ್ಯಾವಿಸ್ಟಾಕ್ ಸಂಸ್ಥೆಯ ನೆರವು ಕೋರಿತು. ಅಲ್ಲಿಂದ ಬಂದ ಮನೋವಿಶ್ಲೇಷಕಿ ಇಸಾಬೆಲ್ ಮೆಂಜಿಸ್, 1960ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ, ಕೆಲಸದ ಹಂಚಿಕೆಯ ಲೆಕ್ಕಾಚಾರವನ್ನು ದಾಟಿ ದಾದಿಯರ ಕಳವಳದ ಬೇರಿಗೇ ಕೈಹಾಕಿದರು. ವಿದ್ಯಾರ್ಥಿನಿಯರಲ್ಲಿ ಮೂರನೆಯ ಒಂದರಷ್ಟು ಮಂದಿ ತರಬೇತಿ ಮುಗಿಸದೆ, ಬಹುತೇಕ ತಾವಾಗಿಯೇ, ಹೊರಟುಹೋಗುತ್ತಿದ್ದರು.

ಮೆಂಜಿಸ್ ಕಂಡ ದಿನಚರಿ ವಿವರವಾಗಿ ನೋಡತಕ್ಕದ್ದು. ಒಬ್ಬ ರೋಗಿಯ ಪೂರ್ತಿ ಆರೈಕೆಯನ್ನು ಒಬ್ಬ ದಾದಿಗೆ ಒಪ್ಪಿಸುವ ಬದಲು, ಪ್ರತಿಯೊಬ್ಬಳ ಕೈಗೂ ಕೆಲಸಗಳ ಪಟ್ಟಿಯೊಂದನ್ನು ಕೊಟ್ಟು, ಅನೇಕ ರೋಗಿಗಳಿಗೆ ಅದೇ ಒಂದೆರಡು ಕೆಲಸಗಳನ್ನು ಮಾಡಿಸುತ್ತಿದ್ದುದರಿಂದ, ಯಾವ ರೋಗಿಯೊಂದಿಗೂ ಹೆಚ್ಚು ಹೊತ್ತು ಕಳೆಯುವ ಸಂದರ್ಭವೇ ಒದಗುತ್ತಿರಲಿಲ್ಲ. ರೋಗಿಯನ್ನು ಹೆಸರಿನಿಂದಲ್ಲದೆ ಹಾಸಿಗೆಯ ಸಂಖ್ಯೆಯಿಂದಲೋ ಕೆಟ್ಟ ಅಂಗದಿಂದಲೋ ಗುರುತಿಸುವುದು ರೂಢಿಯಾಗಿತ್ತು; ಬೆಂಗಳೂರಿನ ಯಾವುದೇ ದೊಡ್ಡ ವಾರ್ಡಿನಲ್ಲಿ ಓಡಾಡಿದವರಿಗೆ ಇದು ಹೊಸ ಸಂಗತಿಯೇನಲ್ಲ. ಸಮವಸ್ತ್ರ ತೊಟ್ಟ ಒಂದೇ ದರ್ಜೆಯ ದಾದಿಯರೆಲ್ಲ ಒಂದೇ ಎಂಬ ನಂಬಿಕೆಯಿಂದ ಅವರನ್ನು ದಿಢೀರನೆ ವಾರ್ಡಿನಿಂದ ವಾರ್ಡಿಗೆ ಬದಲಾಯಿಸಲಾಗುತ್ತಿತ್ತು, ಒಳ್ಳೆಯ ದಾದಿ ಅದಕ್ಕೆ ನೊಂದುಕೊಳ್ಳಬಾರದೆಂಬುದು ಅಲ್ಲಿಯ ಅಲಿಖಿತ ನಿಯಮವಾಗಿತ್ತು. ನಿದ್ರಿಸಿದರೇ ಲೇಸೆಂದು ವೈದ್ಯರೇ ಬಯಸುತ್ತಿದ್ದರೂ ರೋಗಿಗಳನ್ನು ನಸುಕಿನಲ್ಲೇ ಎಬ್ಬಿಸಲಾಗುತ್ತಿತ್ತು. ಸಣ್ಣ ನಿರ್ಧಾರವನ್ನೂ ಎರಡು ಮೂರು ಬಾರಿ ಪರೀಕ್ಷಿಸಿ, ಆಗದಿದ್ದರೆ ಮೇಲಿನವರಿಗೆ ದಾಟಿಸಿ, ಹೊಣೆಯನ್ನು ಮೇಲಕ್ಕೆ ಜರುಗಿಸುವ ಅಭ್ಯಾಸವೂ ಇತ್ತು.

ಸಾವು, ನೋವು, ಅಸಹ್ಯ, ಸಲುಗೆ ಎಲ್ಲವನ್ನೂ ಬರಿಗೈಯಿಂದ ಮುಟ್ಟಬೇಕಾದವರ ಮನಸ್ಸಿನಲ್ಲಿ ಏಳುವ ತೀವ್ರ ಭಾವನೆಗಳಿಂದ ಸಂಸ್ಥೆ ತನ್ನನ್ನು ಕಾಪಾಡಿಕೊಳ್ಳಲು ಕಟ್ಟಿಕೊಂಡ ಬೇಲಿಗಳೇ ಇವು, ಎಂಬುದು ಮೆಂಜಿಸ್ ಅವರ ವಾದ. ಬೇಲಿ ಕಳವಳವನ್ನು ಕಣ್ಮರೆ ಮಾಡಿತೇ ಹೊರತು ಕಡಿಮೆ ಮಾಡಲಿಲ್ಲ. ಮೇಲಾಗಿ ರೋಗಿ ಗುಣವಾಗುವುದನ್ನು ಕಂಡು ಪಡುವ ಸಂತೋಷವನ್ನೂ ಅದು ದಾದಿಯಿಂದ ಕಸಿದುಕೊಂಡಿತು. ತರಬೇತಿ ಬಿಟ್ಟುಹೋಗುತ್ತಿದ್ದವರಲ್ಲಿ ಹೆಚ್ಚು ಸಮರ್ಥರೇ ಸೇರಿದ್ದರೆಂಬ ಅವರ ಮಾತು ಈ ಪ್ರಬಂಧದ ಅತ್ಯಂತ ಕಹಿಯಾದ ಭಾಗ. ಮನೋವಿಶ್ಲೇಷಣೆಯ ಪರಿಭಾಷೆ ಇಂದಿನ ಓದುಗರಿಗೆ ಅಲ್ಲಲ್ಲಿ ಅತಿಯೆನಿಸಬಹುದಾದರೂ, ಅದರ ಹಿಂದಿನ ವೀಕ್ಷಣೆ ಮಾಸಿಲ್ಲ.

ಮೆಂಜಿಸ್ ಅವರ ಪ್ರಬಂಧಕ್ಕೂ ಮೊದಲೇ, 1946ರಲ್ಲಿ, ಭಾರತದಲ್ಲಿ ಜೋಸೆಫ್ ಭೋರ್ ಅಧ್ಯಕ್ಷತೆಯ ಸಮಿತಿ ದೇಶದಲ್ಲಿ ಸುಮಾರು 7,000 ದಾದಿಯರು ಮಾತ್ರ ಇದ್ದಾರೆಂದೂ, ಅವರ ಕೆಲಸದ ಪರಿಸ್ಥಿತಿ ಶೋಚನೀಯವೆಂದೂ ಬರೆಯಿತು. ಮರುವರ್ಷ ಬಂದ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ತರಬೇತಿಗೆ ಏಕರೂಪ ತರಲು ಹೊರಟಿತು, ಆದರೆ ಕಲಿಕೆಯ ಹೆಸರಿನಲ್ಲಿ ದುಡಿಸಿಕೊಳ್ಳುವ ಹಳೆಯ ಪದ್ಧತಿ ಕಾಯ್ದೆಯೊಂದರಿಂದ ಹೋಗುವಂಥದ್ದಾಗಿರಲಿಲ್ಲ. ಇತ್ತ ಲಂಡನ್ನಿನಲ್ಲೂ ಪ್ರಬಂಧದ ಸಲಹೆಗಳಿಗೆ ಆಸ್ಪತ್ರೆ ಅಳುಕುತ್ತಲೇ ಓಗೊಟ್ಟಿತು. ವಿದ್ಯಾರ್ಥಿನಿಯರನ್ನು ವಾರ್ಡಿನ ಸಿಬ್ಬಂದಿಯ ಲೆಕ್ಕದಿಂದ ಹೊರಗಿಡುವ, ಅಂದರೆ ಕಲಿಯುವವರಾಗಿಯೇ ಕಾಣುವ ಸುಧಾರಣೆ ಬ್ರಿಟನ್ನಿನಲ್ಲಿ ಜಾರಿಗೆ ಬಂದದ್ದು 1980ರ ದಶಕದ ಕೊನೆಯಲ್ಲಿ, ಪ್ರಾಜೆಕ್ಟ್ 2000 ಎಂಬ ಹೆಸರಿನಲ್ಲಿ.