ಬೆಟ್ಟದ ಪಕ್ಕೆಲುಬು

ಮೊನ್ನೆ ಸಾಯಂಕಾಲ ನಮ್ಮ ನೆರೆಮನೆಯ ತರುಣನು, ಚಳಿಗಾಲದ ಒಲಿಂಪಿಕ್ ಕ್ರೀಡೆಗಳ ಹಳೆಯ ಚಿತ್ರಗಳನ್ನು ನೋಡುತ್ತ ಕುಳಿತವನು, ನಾನು ಒಳಗೆ ಬಂದುದನ್ನೂ ಗಮನಿಸದೆ, "ಕೊಸ್ಟ್ನರ್ ಅಂತೆ. ಹಿಡಿದಿರೋದು ಇಟಲಿ ಬಾವುಟ, ಸರ್‌ನೇಮ್ ನೋಡಿದರೆ ಪಕ್ಕಾ ಜರ್ಮನ್" ಎಂದು ತನ್ನ ತಂಗಿಗೆ ತೀರ್ಪಿತ್ತನು. ಅಡ್ಡಹೆಸರು, ಮನೆತನದ ಹೆಸರು ಎಂಬ ಎರಡು ಒಳ್ಳೆಯ ಮಾತುಗಳು ಮೂಲೆಯಲ್ಲಿ ಧೂಳು ಹಿಡಿಯುತ್ತಿರುವಾಗ ಸರ್‌ನೇಮಿನ ಅವಶ್ಯಕತೆ ಏನಿತ್ತೋ ನಾನರಿಯೆ. ಆದರೆ ಅಂದು ನನ್ನನ್ನು ಕೆಣಕಿದುದು ಅದಲ್ಲ, 'ಪಕ್ಕಾ' ಎಂಬ ಮಾತು. ಏಕೆಂದರೆ ಆ ಹೆಸರು ಪಕ್ಕಾ ಅಲ್ಲ, ಪಕ್ಕೆ.

ಇಟಲಿಯ ಉತ್ತರದಂಚಿನ ಡೊಲೊಮೈಟ್ ಪರ್ವತಗಳಲ್ಲಿ, ಸೆಲ್ಲಾ ಎಂಬ ಶಿಲಾಸ್ತೋಮವನ್ನು ಬಳಸಿಕೊಂಡಿರುವ ಗಾರ್ದೇನ, ಬಾದಿಯ, ಫಾಸ್ಸ, ಫೊದೊಮ್ ಎಂಬ ಕಣಿವೆಗಳಲ್ಲಿಯೂ, ತುಸು ಆಚೆಗಿರುವ ಆಂಪೆಟ್ಸೊ ಸೀಮೆಯಲ್ಲಿಯೂ, ಸುಮಾರು 30,000 ಮಂದಿ ಆಡುವ ನುಡಿಗೆ ಲಾದಿನ್ ಎಂದು ಹೆಸರು. ಕ್ರಿ.ಪೂ. 15ರಲ್ಲಿ ರೋಮನರ ಸೇನೆ ಆಲ್ಪ್ಸ್ ಪರ್ವತಗಳ ಜನರನ್ನು ಗೆದ್ದ ಮೇಲೆ, ಗೆದ್ದವರ ಲ್ಯಾಟಿನ್ ಸೋತವರ ನಾಲಗೆಯಲ್ಲಿ ನೆಲೆನಿಂತು ಕ್ರಮೇಣ ಬೇರೊಂದೇ ನುಡಿಯಾಯಿತು. ಲಾದಿನ್ ಎಂಬ ಹೆಸರೇ ಲ್ಯಾಟಿನ್ ಎಂಬುದರ ತದ್ಭವ. ಲ್ಯಾಟಿನ್ನಿನಲ್ಲಿ 'ಕೋಸ್ತ' ಎಂದರೆ ಪಕ್ಕೆಲುಬು. ಅದು ಅಲ್ಲಿಂದ ದೇಹದ ಪಕ್ಕವಾಗಿ, ಲಾದಿನರಲ್ಲಿ ಬೆಟ್ಟದ ಪಕ್ಕವಾಗಿ, ಇಳುಕಲಾಗಿ ಮುಂದುವರಿಯಿತು. ಸಂಸ್ಕೃತದ ಪಾರ್ಶ್ವವೂ ಪಕ್ಕೆಲುಬೆಂಬ ಅರ್ಥದ 'ಪರ್ಶು'ವಿನಿಂದಲೇ ಹುಟ್ಟಿತೆಂಬುದನ್ನು ನೆನೆದರೆ, ಬೆಟ್ಟವನ್ನು ಮಗ್ಗುಲಾಗಿ ಮಲಗಿದ ಭಾರೀ ಪ್ರಾಣಿಯೆಂದು ಕಂಡ ಕಣ್ಣುಗಳು ಲೋಕದಲ್ಲಿ ಎಷ್ಟಿದ್ದುವೋ ಎಂದು ವಿಸ್ಮಯವಾಗುತ್ತದೆ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನಮ್ಮ ಅಜ್ಜಿ ವರಾನ್ವೇಷಣೆಯ ಸಂದರ್ಭಗಳಿಗೆಂದೇ ಮೀಸಲಾಗಿಟ್ಟಿದ್ದಳು. ದೂರದೂರಿನ ವರನ ಆಸ್ತಿಯನ್ನು ಯಾರಾದರೂ ವರ್ಣಿಸತೊಡಗಿದರೆ, ಅಡಕೆಯನ್ನು ಕತ್ತರಿಯ ಬಾಯಿಯಲ್ಲೇ ತಡೆದು, ಈ ಗಾದೆಯನ್ನು ಹೇಳಿ, ಆಮೇಲೆ ಕತ್ತರಿಸುವಳು. ಆ 'ಕಟಕ್' ಶಬ್ದವೇ ತೀರ್ಪು, ಮುಂದೆ ಮೇಲ್ಮನವಿಗೆ ಎಡೆಯಿಲ್ಲ. ಇದರಿಂದಾಗಿ ಬಹುಕಾಲ ನಾನು ಆ ಗಾದೆಯನ್ನು ನಿರಾಶೆಯ ಮಾತೆಂದೇ ತಿಳಿದಿದ್ದೆನು. ಈಗ ಅನಿಸುವುದೇನೆಂದರೆ, ಅದು ಹೆಸರುಗಳ ಹುಟ್ಟನ್ನು ಕುರಿತ ಸೂತ್ರ. ದೂರದಲ್ಲಿ ನಿಂತವನಿಗೆ ಬೆಟ್ಟವು ನುಣ್ಣಗಿರುವುದರಿಂದ ಒಂದು ಹೆಸರು ಸಾಕು. ಅದರ ಮೈಮೇಲೆಯೇ ಮನೆ ಕಟ್ಟಿ, ರೈ ಬಿತ್ತಿ, ಹಸು ಮೇಯಿಸಿ, ಹಿಮ ಸರಿಸುವವನಿಗೆ ಅದರ ಒಂದೊಂದು ಉಬ್ಬಿಗೂ ತಗ್ಗಿಗೂ ಒಂದೊಂದು ಹೆಸರು ಬೇಕು. ಗಾರ್ದೇನದ ಮುಖ್ಯ ಊರಾದ ಉರ್ತಿಜೆಯಿ ತುರಚಿ ಗಿಡದಿಂದ ಹೆಸರು ಪಡೆಯಿತು. ರುಂಗಾಲ್ಡಿಯರ್ ಮನೆತನದ ಹೆಸರಿನಲ್ಲಿ ಕಾಡು ಕಡಿದು ಹಸನು ಮಾಡಿದ ನೆಲವಿದೆ. ಕೊಸ್ಟ್ನರ್ ಎಂಬುದರಲ್ಲಿ ಇಳುಕಲು.

ಹಾಗಾದರೆ ಮೊದಲ ಕೊಸ್ಟ್ನರ್ ಯಾರು ಎಂದು ಹುಡುಕುವುದು ವ್ಯರ್ಥವೆಂದೂ, ಎಷ್ಟು ಇಳುಕಲುಗಳೋ ಅಷ್ಟು ಮೂಲಪುರುಷರೆಂದೂ ನನ್ನ ಸಿದ್ಧಾಂತ. ಆ ಸೀಮೆಯಲ್ಲಿ ಹೆಸರು ಮೊದಲು ಹೊಲಮನೆಗೆ ಸೇರಿದುದು. ಮನುಷ್ಯನು ಅದರಲ್ಲಿ ಒಕ್ಕಲು. 1563ರಲ್ಲಿ ಮುಗಿದ ಟ್ರೆಂಟ್ ಧರ್ಮಸಭೆಯು ವಿವಾಹಗಳ ಲೆಕ್ಕವಿಡಲು ಪಾದ್ರಿಗಳಿಗೆ ವಿಧಿಸಿದ ಬಳಿಕ, ಬಾಯಲ್ಲಿದ್ದ ಹೆಸರುಗಳು ಪುಸ್ತಕಕ್ಕೆ ಇಳಿದುವು. ಆ ಕಣಿವೆಗಳನ್ನೊಳಗೊಂಡ ಟಿರೋಲ್ ಸೀಮೆಯ ಬರವಣಿಗೆಯ ನುಡಿ ಜರ್ಮನ್ ಆಗಿದ್ದುದರಿಂದ, ಲಾದಿನ್ ಬೇರಿಗೆ 'ಅರ್' ಎಂಬ ಜರ್ಮನ್ ಪ್ರತ್ಯಯ ಅಂಟಿಕೊಂಡಿತು; ಮಲೆನಾಡಿಗೆ 'ಇಗ' ಸೇರಿ ಮಲೆನಾಡಿಗನಾಗುವಂತೆ, ಇಳುಕಲಲ್ಲಿದ್ದವನು ಕೊಸ್ಟ್ನರ್ ಆದನು. ನಮ್ಮ ತರುಣನು ಕಂಡುದು ಬಾಲವನ್ನು; ಪ್ರಾಣಿಯನ್ನಲ್ಲ.

ಬೆಟ್ಟ ಚಲಿಸದಿದ್ದರೂ ಹೆಸರು ಚಲಿಸಿತು. ಮರದ ಕೆತ್ತನೆಗೂ ಬೊಂಬೆಗಳಿಗೂ ಹೆಸರಾದ ಗಾರ್ದೇನದವರು ತಮ್ಮ ಸರಕನ್ನು ಹೊತ್ತು ಯೂರೋಪಿನ ದೂರದೂರದ ಪೇಟೆಗಳಲ್ಲಿ ಅಂಗಡಿ ಹೂಡಿದಾಗ ಅವರ ಹೆಸರುಗಳೂ ಜೊತೆಗೆ ಹೋದುವು. ಬಾದಿಯ ಕಣಿವೆಯ ಕೊರ್ವಾರದ ಮೇಲೆ, ಸೆಲ್ಲಾದ ಬಂಡೆಗಳ ನಡುವಿನ ಒಂದು ವಿಶ್ರಾಂತಿಗೃಹವು ಪರ್ವತಮಾರ್ಗದರ್ಶಕನಾದ ಫ್ರಾಂಟ್ಸ್ ಕೊಸ್ಟ್ನರನ ಹೆಸರನ್ನು ಹೊತ್ತಿದೆ. ಇಳುಕಲಿನ ಹೆಸರು ಮರಳಿ ಬೆಟ್ಟವನ್ನೇರಿತೆನ್ನಬೇಕು. ಮೊದಲ ಮಹಾಯುದ್ಧದ ತರುವಾಯ ಈ ಕಣಿವೆಗಳು ಆಸ್ಟ್ರಿಯದಿಂದ ಇಟಲಿಗೆ ಸೇರಿ, ಮೂರು ಪ್ರಾಂತಗಳಲ್ಲಿ ಹಂಚಿಹೋದುವು. ಮುಸೊಲಿನಿಯ ಸರಕಾರವು 1926ರಲ್ಲಿ ಮನೆತನದ ಹೆಸರುಗಳನ್ನು ಇಟಲಿಯ ರೂಪಕ್ಕೆ ತಿದ್ದುವ ಕಟ್ಟಳೆಯನ್ನೂ ಹೊರಡಿಸಿತು. ತಮಾಷೆಯೆಂದರೆ ಬಾಲವನ್ನು ಕತ್ತರಿಸಿದರೆ ಉಳಿಯುವ 'ಕೋಸ್ತ' ಇಟಲಿಯವರಿಗೂ ಸ್ವಂತದ್ದೇ. ಕಟ್ಟಳೆ ಹೋಯಿತು, ಕೊಸ್ಟ್ನರರು ಉಳಿದರು: 2002ರ ಸಾಲ್ಟ್‌ಲೇಕ್ ಕ್ರೀಡೆಗಳ ಆರಂಭದಲ್ಲಿ ಹಿಮಜಾರುಗಾರ್ತಿ ಇಸೋಲ್ಡೆ ಕೊಸ್ಟ್ನರ್, 2006ರ ಟೂರಿನ್ ಕ್ರೀಡೆಗಳಲ್ಲಿ ಆಕೆಯ ಬಂಧುವೂ ಮಂಜಿನ ಮೇಲೆ ನರ್ತಿಸುವವಳೂ ಆದ ಕರೊಲೀನ ಕೊಸ್ಟ್ನರ್, ಇಬ್ಬರೂ ಇಟಲಿಯ ಧ್ವಜ ಹಿಡಿದು ಮುಂದೆ ನಡೆದರು. ನೆರೆಮನೆಯಲ್ಲಿ ಕಂಡುದು ಈ ಎರಡನೆಯವಳನ್ನು.

ಇದಿಷ್ಟನ್ನೂ ನಾನು ಸಾವಧಾನವಾಗಿ ನಿರೂಪಿಸಿ, ಇಳುಕಲು, ಓರೆ, ಮಗ್ಗುಲು, ಪಕ್ಕೆ ಎಂಬ ಮಾತುಗಳೆಲ್ಲ ನಮ್ಮಲ್ಲಿ 'ಸೈಡು' ಎಂಬ ಒಂದೇ ಬಾಯಿಗೆ ತುತ್ತಾಗುತ್ತಿರುವುದನ್ನು ಕುರಿತು ವಿಷಾದವನ್ನೂ ಸೂಚಿಸಿ ಮುಗಿಸಿದಾಗ, ತರುಣನು ಸೌಜನ್ಯದಿಂದಲೇ ತಲೆದೂಗಿ, "ಗೊತ್ತಾಯ್ತು ಬಿಡಿ, ಅಂಕಲ್. ಬೆಟ್ಟದ ಸೈಡಿನವರು ಅನ್ನಿ" ಎಂದನು.

ಗದರಿಸಲು ಬಾಯಿ ತೆರೆದವನು ಸುಮ್ಮನಾದೆನು. ಪರದೇಶದ ಬೇರಿಗೆ ನಮ್ಮ ಮನೆಯ ಪ್ರತ್ಯಯ: ಹಿಂದೆ ಆ ಕಣಿವೆಯಲ್ಲಿ, ತನಗೆ ಬಾರದ ನುಡಿಯ ಹೆಸರನ್ನು ಪುಸ್ತಕಕ್ಕೆ ಇಳಿಸುತ್ತ ಯಾವನೋ ಲಿಪಿಕಾರನು ಮಾಡಿದುದೂ ಇದನ್ನೇ ಅಲ್ಲವೆ?